ಎಮಿಲಿ ಡಿಕಿನ್‌ಸನ್: ಅಡುಗೆಮನೆ, ಪುಸ್ತಕ ಮತ್ತು ಕ್ರಿಸ್‌ಮಸ್

1845ರ ಸೆಪ್ಟೆಂಬರ್ ತಿಂಗಳಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಆ್ಯಮ್‌ಹರ್ಸ್ಟ್ ಎಂಬ ಸಣ್ಣ ಊರಿನಿಂದ 14 ವರ್ಷದ ಬಾಲೆಯೊಬ್ಬಳು ತನ್ನ ಗೆಳತಿ ಅಬಾಯಾ ರೂಟ್‌ಗೆ ಒಂದು ಕಾಗದ ಬರೆದಳು. ಮರುದಿನ ತಾನು ಬ್ರೆಡ್ ಮಾಡುವುದನ್ನು ಕಲಿಯಲಿದ್ದೇನೆ, ತೋಳು ಮಡಿಸಿಕೊಂಡು ಹಿಟ್ಟು, ಹಾಲು, ಸೋಡಾ ಕಲಸುತ್ತಿರುವ ತನ್ನ ಗತ್ತನ್ನು ನೀನು ಕಲ್ಪಿಸಿಕೊಳ್ಳಬಹುದು ಎಂಬ ಧಾಟಿಯ ಕಾಗದ ಅದು. ಮುಂದಿನ ಜನವರಿ 12ರಂದು ಅದೇ ಗೆಳತಿಗೆ ಮತ್ತೊಂದು ಪತ್ರ ಹೋಯಿತು. ಅದರಲ್ಲಿ ಕ್ರಿಸ್‌ಮಸ್ಸಿನ ವರದಿಯಿದೆ. ಎಂದಿನಂತೆ ಮಂಚದ ಕಂಬಕ್ಕೆ ಕಾಲುಚೀಲ ಕಟ್ಟಿದ್ದಳು. ಸಾಂತಾಕ್ಲಾಸ್ ಈ ಸಲ ಬಹಳ ಸೌಜನ್ಯ ತೋರಿಸಿದ್ದ. ಪರಿಮಳದ ಚೀಲ, ಗುಲಾಬಿ ಅತ್ತರಿನ ಶೀಷೆ, ಸಂಗೀತದ ಒಂದು ಹಾಳೆ, ಹೂವಿನ ಚಿತ್ರದ ಪಿಂಗಾಣಿ ಲೋಟ, ಸೂಜಿ ಚುಚ್ಚುವ ದಿಂಬುಗಳು ಅದೆಷ್ಟೋ! ಸಿಹಿಮಿಠಾಯಿಗಂತೂ ಲೆಕ್ಕವಿರಲಿಲ್ಲ. ತನ್ನ ಸ್ವಭಾವವನ್ನು ಸಿಹಿಯಾಗಿಸಲೆಂದು ಅದನ್ನು ಇಟ್ಟಿದ್ದರೆ ಉದ್ದೇಶ ಈಡೇರಿದಂತೆ ಕಾಣುವುದಿಲ್ಲ ಎಂದು ಆಕೆ ಸೇರಿಸುತ್ತಾಳೆ.

ಬಾಲೆಯ ಹೆಸರು ಎಮಿಲಿ ಡಿಕಿನ್‌ಸನ್. ಮುಂದೆ ಸುಮಾರು 1800 ಕವಿತೆಗಳನ್ನು ಬರೆದು, ಅವುಗಳಲ್ಲಿ ಹತ್ತಾರನ್ನೂ ಅಚ್ಚಿನಲ್ಲಿ ಕಾಣದೆ 1886ರ ಮೇ 15ರಂದು ತೀರಿಕೊಂಡವಳು. ಆಕೆಯ ಏಕಾಂತವಾಸ, ಬಿಳಿಯ ಉಡುಪು, ಮಹಡಿಯ ಕೋಣೆ ಇವುಗಳ ಸುತ್ತ ಒಂದು ಪುರಾಣವೇ ಬೆಳೆದಿದೆ. ಆದರೆ ಆ ಎರಡು ಬಾಲ್ಯಪತ್ರಗಳಲ್ಲಿ ಕಾಣುವ ಎರಡು ಸಂಗತಿಗಳು, ಅಂದರೆ ಹಿಟ್ಟು ನಾದುವ ಕೈ ಮತ್ತು ಕ್ರಿಸ್‌ಮಸ್ಸಿನ ಮೇಲಿನ ತುಂಟ ಸಂದೇಹ, ಕೊನೆಯವರೆಗೂ ಆಕೆಯ ಜೊತೆಗೇ ನಡೆದುಬಂದವು.

ಕ್ರಿಸ್‌ಮಸ್ ಎಂದರೆ ಅಮೆರಿಕದಲ್ಲಿ ಮೊದಲಿನಿಂದಲೂ ದೀಪ, ಮರ, ಉಡುಗೊರೆಗಳ ಹಬ್ಬವೆಂದು ಇಂದಿನವರು ಭಾವಿಸುವುದು ಸಹಜ. ಎಮಿಲಿಯ ನಾಡಿನ ಮಟ್ಟಿಗೆ ಅದು ಸತ್ಯವಲ್ಲ. ಮ್ಯಾಸಚೂಸೆಟ್ಸ್ ಪ್ರಾಂತವನ್ನು ಕಟ್ಟಿದ ಪ್ಯೂರಿಟನ್ನರು ಡಿಸೆಂಬರ್ 25ನ್ನು ಹಬ್ಬವೆಂದು ಒಪ್ಪಲಿಲ್ಲ. ಕ್ರಿಸ್ತನು ಹುಟ್ಟಿದ ದಿನ ಯಾವುದೆಂದು ಬೈಬಲ್ ಹೇಳಿಲ್ಲ; ಹೇಳದಿದ್ದುದನ್ನು ಆಚರಿಸುವುದು ಮನುಷ್ಯರ ಕಲ್ಪನೆ; ಆ ನೆವದಲ್ಲಿ ನಡೆಯುವ ಕುಡಿತ, ಕುಣಿತ ಪಾಪ. ಇದು ಅವರ ವಾದ. 1659ರಲ್ಲಿ ಅಲ್ಲಿನ ಶಾಸನಸಭೆ ಕ್ರಿಸ್‌ಮಸ್ ಆಚರಿಸಿದವರಿಗೆ 5 ಷಿಲಿಂಗ್ ದಂಡವನ್ನೇ ವಿಧಿಸಿತು. 1681ರಲ್ಲಿ ಆ ಕಾನೂನು ರದ್ದಾಯಿತಾದರೂ ಅದರ ಹಿಂದಿದ್ದ ಮನೋಭಾವ ರದ್ದಾಗಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. ಎಮಿಲಿಯ ಬಾಲ್ಯದಲ್ಲಿ ಊರಿನ ದೊಡ್ಡ ಹಬ್ಬವೆಂದರೆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್. ಕ್ರಿಸ್‌ಮಸ್ ಮಕ್ಕಳ ಕಾಲುಚೀಲದ ಮೂಲಕ, ಇಂಗ್ಲೆಂಡಿನಿಂದ ಬರುತ್ತಿದ್ದ ಕಥೆಗಳ ಮೂಲಕ, ಐರಿಷ್ ವಲಸಿಗರ ಚರ್ಚುಗಳ ಮೂಲಕ, ಹಿಂಬಾಗಿಲಿನಿಂದೆಂಬಂತೆ ಒಳಗೆ ಬರುತ್ತಿತ್ತು. ಡಿಕಿನ್‌ಸನ್ನರ ಮನೆಯಂಥ ಗಂಭೀರ ಮನೆಯಲ್ಲೂ ಕಾಲುಚೀಲ ನೇತಾಡುತ್ತಿದ್ದುದು ಆ ಕಾಲದ ಗಾಳಿ ತಿರುಗುತ್ತಿದ್ದುದಕ್ಕೆ ಸಾಕ್ಷಿ. ಅಮೆರಿಕದ ಕೇಂದ್ರ ಸರ್ಕಾರ ಅದನ್ನು ರಜಾದಿನವೆಂದು ಘೋಷಿಸಿದ್ದು 1870ರಲ್ಲಿ. ಆಗ ಎಮಿಲಿಗೆ 39 ವರ್ಷ.

ಕಾಲುಚೀಲದ ಹುಡುಗಿ ಎರಡು ವರ್ಷಗಳ ಅನಂತರ ಹಳೆಯ ಮನೋಭಾವವನ್ನು ಮುಖಾಮುಖಿ ಎದುರಿಸಬೇಕಾಯಿತು. 1847ರ ಶರತ್ಕಾಲದಲ್ಲಿ ಆಕೆ, ಮೇರಿ ಲಯನ್ ಎಂಬ ಧೀಮಂತ ಮಹಿಳೆ ಸ್ಥಾಪಿಸಿದ್ದ ಮೌಂಟ್ ಹೋಲಿಯೋಕ್ ಸ್ತ್ರೀವಿದ್ಯಾಲಯವನ್ನು ಸೇರಿದಳು. ಅಲ್ಲಿ ಮನೆಗೆಲಸವೆಲ್ಲ ವಿದ್ಯಾರ್ಥಿನಿಯರದೇ. ಎಮಿಲಿಗೆ ಬಂದ ಪಾಲು ಊಟದ ಮೇಜುಗಳ ಚಾಕುಗಳನ್ನು ಒಯ್ಯುವುದು, ರಾತ್ರಿ ಅವನ್ನು ತೊಳೆದು ಒರೆಸಿಡುವುದು. ಇದಕ್ಕಿಂತ ಕಠಿಣವಾದ ಇನ್ನೊಂದು ವಿಂಗಡಣೆಯೂ ಅಲ್ಲಿತ್ತು. ಕ್ರಿಸ್ತನಲ್ಲಿ ನಂಬಿಕೆಯನ್ನು ಬಹಿರಂಗವಾಗಿ ಒಪ್ಪಿಕೊಂಡವರು, ಒಪ್ಪಿಕೊಳ್ಳುವ ಭರವಸೆಯುಳ್ಳವರು, ಭರವಸೆಯಿಲ್ಲದವರು ಎಂದು ಹುಡುಗಿಯರನ್ನು ಮೂರು ಗುಂಪು ಮಾಡಲಾಗುತ್ತಿತ್ತು. ಎಮಿಲಿ ಮೂರನೆಯ ಗುಂಪಿನವಳಾಗಿಯೇ ಉಳಿದಳು.

ಆ ವರ್ಷದ ಕ್ರಿಸ್‌ಮಸ್ಸಿನ ಸಮಯಕ್ಕೆ ಅಲ್ಲಿ ಉಪವಾಸವನ್ನು ಗೊತ್ತುಮಾಡಲಾಗಿತ್ತು. ಆಕೆಯ ಸೋದರನ ಮಗಳು ಮಾರ್ಥಾ ಡಿಕಿನ್‌ಸನ್ ಬಿಯಾಂಕಿ 1924ರಲ್ಲಿ ಬರೆದ ಜೀವನಚರಿತ್ರೆಯ ಪ್ರಕಾರ, ಲಯನ್ ಅವರು ಹಬ್ಬದ ದಿನವನ್ನು ಉಪವಾಸದಲ್ಲಿ ಕಳೆಯಬೇಕೆಂದು ಸಾರಿದಾಗ ಎಮಿಲಿ ಪ್ರತಿಭಟಿಸಿ, ಬಂಡಿ ಹಿಡಿದು ಮನೆಗೆ ಹೊರಟುಬಿಟ್ಟಳು. ಓದಲು ಸೊಗಸಾದ ಪ್ರಸಂಗ. ಅನೇಕರು ಅದನ್ನೇ ಹೇಳುತ್ತ ಬಂದಿದ್ದಾರೆ. ಆದರೆ ಜನವರಿಯಲ್ಲಿ ಅಬಾಯಾಗೆ ಬರೆದ ದೀರ್ಘಪತ್ರದಲ್ಲಿ ಥ್ಯಾಂಕ್ಸ್‌ಗಿವಿಂಗಿಗೆ ಮನೆಗೆ ಹೋಗಿಬಂದ ಸಡಗರ ತುಂಬಿದೆಯೇ ಹೊರತು ಇಂಥ ಪಲಾಯನದ ಸುಳಿವಿಲ್ಲ. ಬಂಧುಗಳಲ್ಲಿ ಉಳಿದುಬಂದ ಇನ್ನೊಂದು ಪಾಠ ಹೆಚ್ಚು ನಂಬುವಂತಿದೆ. ಕ್ರೈಸ್ತರಾಗಲು ಬಯಸುವವರೆಲ್ಲ ಎದ್ದು ನಿಲ್ಲಿ ಎಂದಾಗ ಆಕೆ ಕುಳಿತೇ ಇದ್ದಳು. ತಾನು ಏಳದಿದ್ದುದು ಅವರಿಗೆಲ್ಲ ವಿಚಿತ್ರವೆನಿಸಿತು, ಸುಳ್ಳು ಹೇಳಿದ್ದರೆ ಅದು ಇನ್ನೂ ವಿಚಿತ್ರವಾಗುತ್ತಿತ್ತು ಎಂದು ಅನಂತರ ನಗುತ್ತ ಹೇಳಿದಳಂತೆ.

ನಗುತ್ತ ಹೇಳಿದ್ದು ಅನಂತರದ ಮಾತು. 1848ರ ಮೇ ತಿಂಗಳ ಪತ್ರದಲ್ಲಿ ನಗೆಯಿಲ್ಲ. ಕಳೆದ ಅವಧಿಯಲ್ಲಿ ಸುವರ್ಣಾವಕಾಶ ಬಂದಿದ್ದಾಗ ತಾನು ಶರಣಾಗಿ ಕ್ರೈಸ್ತಳಾಗಲಿಲ್ಲವೆಂಬ ವಿಷಾದವನ್ನು ಆಕೆ ಅದರಲ್ಲಿ ತೋಡಿಕೊಂಡಿದ್ದಾಳೆ. ಧರ್ಮವನ್ನು ಧಿಕ್ಕರಿಸಿದ ವೀರನಾರಿಯೆಂದು ಆಕೆಯನ್ನು ಚಿತ್ರಿಸುವವರು ಈ ಪತ್ರವನ್ನು ಮರೆಯುತ್ತಾರೆ. ಆಕೆಗೆ ನಂಬಿಕೆ ಬೇಡವಾಗಿರಲಿಲ್ಲ. ಬಾರದ ನಂಬಿಕೆಯನ್ನು ಬಂದಿದೆಯೆಂದು ನಟಿಸುವುದು ಬೇಡವಾಗಿತ್ತು. 1850ರಲ್ಲಿ ಆ್ಯಮ್‌ಹರ್ಸ್ಟಿನಲ್ಲಿ ಧಾರ್ಮಿಕ ಪುನರುಜ್ಜೀವನದ ಅಲೆಯೊಂದು ಎದ್ದಾಗ ತಂದೆ ಚರ್ಚಿನ ಸದಸ್ಯರಾದರು, ತಂಗಿ ಲವಿನಿಯಾ ಆದಳು. ಕೆಲವು ವರ್ಷಗಳಲ್ಲಿ ಅಣ್ಣ ಆಸ್ಟಿನ್ ಕೂಡ ಆದ. ತಾಯಿ ಮೊದಲೇ ಸದಸ್ಯೆ. ಒಂದೇ ಸೂರಿನಡಿ, ಒಂದೇ ಮೇಜಿನಲ್ಲಿ ಉಣ್ಣುವವರೆಲ್ಲ ಒಂದು ದಡ ಸೇರಿದ ಮೇಲೆ ಈಚೆ ದಡದಲ್ಲಿ ಒಬ್ಬಳೇ ಉಳಿಯುವುದೆಂದರೆ ಏನೆಂಬುದನ್ನು ಕಲ್ಪಿಸಿಕೊಳ್ಳಬೇಕು. ಅಂದಿನ ವಿಶ್ವಾಸದ ಪ್ರಕಾರ ಅದು ಈ ಜನ್ಮಕ್ಕೆ ಮುಗಿಯುವ ಅಗಲಿಕೆಯಲ್ಲ. ಸತ್ತ ಮೇಲೂ ಕುಟುಂಬದೊಡನೆ ಸೇರಲಾಗದೆಂಬ ಭಯ ಅದರಲ್ಲಿತ್ತು.

ಆ ವರ್ಷವೇ ತಾಯಿ ಕಾಯಿಲೆ ಬಿದ್ದರು. ಅಡುಗೆಮನೆ ಎಮಿಲಿಯ ಪಾಲಿಗೆ ಬಂತು. ಮೇ ತಿಂಗಳ ಪತ್ರವೊಂದರಲ್ಲಿ, ಒಲೆಯಿಂದ ಆಗತಾನೆ ತೆಗೆದ ಎರಡು ಬ್ರೆಡ್ಡುಗಳನ್ನು ಈಗಷ್ಟೇ ಜನಿಸಿದ ಅವಳಿ ಮಕ್ಕಳೆಂಬಂತೆ ಗೆಳತಿಗೆ ಪರಿಚಯಿಸುತ್ತಾಳೆ. ಅದೇ ಪತ್ರದಲ್ಲಿ, ಸಂಸಾರವೆಂಬುದರಿಂದ ದೇವರು ತನ್ನನ್ನು ಕಾಪಾಡಲಿ ಎಂದೂ ಪ್ರಾರ್ಥಿಸುತ್ತಾಳೆ. ಎರಡೂ ನಿಜವೇ. ಕಸಗುಡಿಸುವುದು, ಧೂಳು ಹೊಡೆಯುವುದು ಆಕೆಗೆ ಎಂದೂ ಹಿಡಿಸಲಿಲ್ಲ. ಮನೆ ಶುಚಿಮಾಡುವ ಋತುವಿಗಿಂತ ಮಹಾಮಾರಿಯೇ ವಾಸಿ ಎಂದು ಮುಂದೊಮ್ಮೆ ಬರೆದದ್ದುಂಟು. ಆದರೆ ಹಿಟ್ಟು ನಾದುವುದು, ಸಿಹಿ ಮಾಡುವುದು ಬೇರೆ. ಅದನ್ನು ಆಕೆ ಯಾರಿಗೂ ಬಿಟ್ಟುಕೊಡಲಿಲ್ಲ. ತಂದೆ ಎಡ್ವರ್ಡ್ ಡಿಕಿನ್‌ಸನ್ ಊರಿನ ಹಿರಿಯ ವಕೀಲರು, ಕಾಲೇಜಿನ ಖಜಾಂಚಿ. ಒಂದು ಅವಧಿಗೆ ಅಮೆರಿಕದ ಸಂಸತ್ತಿನ ಸದಸ್ಯರೂ ಆಗಿದ್ದವರು. ಎಮಿಲಿ ಮಾಡಿದ ಬ್ರೆಡ್ಡಲ್ಲದೆ ಬೇರೆಯದು ಅವರಿಗೆ ರುಚಿಸುತ್ತಿರಲಿಲ್ಲ.

1856ರ ಅಕ್ಟೋಬರಿನಲ್ಲಿ ಊರಿನ ದನಗಳ ಜಾತ್ರೆಯ ಜೊತೆಗೆ ನಡೆದ ಸ್ಪರ್ಧೆಯಲ್ಲಿ ಆಕೆಯ ‘ರೈ ಆ್ಯಂಡ್ ಇಂಡಿಯನ್’ ಬ್ರೆಡ್ಡಿಗೆ ಎರಡನೆಯ ಬಹುಮಾನ ಬಂತು. ಇಲ್ಲಿನ ‘ಇಂಡಿಯನ್’ ನಮ್ಮ ದೇಶಕ್ಕೆ ಸಂಬಂಧಿಸಿದ್ದಲ್ಲ. ಅಮೆರಿಕದ ಮೂಲನಿವಾಸಿಗಳಿಂದ ವಲಸಿಗರು ಕಲಿತ ಮೆಕ್ಕೆಜೋಳದ ಹಿಟ್ಟಿಗೆ ಆ ಹೆಸರು. ಗೋಧಿ ಚೆನ್ನಾಗಿ ಬಾರದ ಆ ಚಳಿನೆಲದಲ್ಲಿ ರೈ ಧಾನ್ಯದ ಹಿಟ್ಟಿಗೆ ಜೋಳದ ಹಿಟ್ಟು, ಕಾಕಂಬಿ ಸೇರಿಸಿ ಬಹಳ ಹೊತ್ತು ಬೇಯಿಸುವ ಒರಟು ಬ್ರೆಡ್ಡು ಅದು, ಬಡವರ ಮೇಜಿನದು. ಮರುವರ್ಷ ಅದೇ ಸ್ಪರ್ಧೆಯ ತೀರ್ಪುಗಾರರಲ್ಲಿ ಎಮಿಲಿಯೂ ಒಬ್ಬಳು. ಜೀವಿತಕಾಲದಲ್ಲಿ ಕವಿತೆಗೆ ದೊರೆಯದ ಸಾರ್ವಜನಿಕ ಮನ್ನಣೆ ಬ್ರೆಡ್ಡಿಗೆ ದೊರೆಯಿತು ಎಂದು ವ್ಯಂಗ್ಯವಾಡುವವರಿದ್ದಾರೆ. ಬ್ರೆಡ್ಡನ್ನು ಆಕೆ ಸ್ಪರ್ಧೆಗೆ ಕಳುಹಿಸಿದ್ದಳು, ಕವಿತೆಗಳನ್ನು ಮಡಿಸಿ ಹೊಲಿದು ಪೆಟ್ಟಿಗೆಯಲ್ಲಿಟ್ಟಳು ಎಂಬುದನ್ನೂ ಅವರು ಗಮನಿಸಬೇಕು.

ಆ ಮನೆಯಲ್ಲಿ ಓದು ಕೂಡ ಅಡುಗೆಯಂತೆ ಎರಡು ಬಗೆ: ಮೇಜಿನ ಮೇಲಿನದು ಒಂದು, ಮರೆಯದು ಇನ್ನೊಂದು. ತಂದೆ ಪುಸ್ತಕಗಳನ್ನೇನೋ ಧಾರಾಳವಾಗಿ ಕೊಳ್ಳುತ್ತಿದ್ದರು; ಆದರೆ ಓದಿದರೆ ಮಗಳ ಮನಸ್ಸು ಅಲುಗಾಡೀತೆಂದು ಹೆದರಿ, ಓದಬೇಡವೆಂದು ಬೇಡಿಕೊಳ್ಳುತ್ತಿದ್ದರು. 1862ರಲ್ಲಿ ವಿಮರ್ಶಕ ಥಾಮಸ್ ವೆಂಟ್ವರ್ತ್ ಹಿಗಿನ್‌ಸನ್ನರಿಗೆ ಬರೆದ ಪತ್ರದಲ್ಲಿ ಇದನ್ನು ಆಕೆ ತುಂಟತನದಿಂದ ಹೇಳಿದ್ದಾಳೆ. ಅದೇ ಪತ್ರದಲ್ಲಿ ತನ್ನ ಓದಿನ ಪಟ್ಟಿಯನ್ನೂ ಕೊಟ್ಟಳು: ಕಾವ್ಯದಲ್ಲಿ ಕೀಟ್ಸ್, ಬ್ರೌನಿಂಗ್ ದಂಪತಿ, ಗದ್ಯದಲ್ಲಿ ರಸ್ಕಿನ್, ಸರ್ ಥಾಮಸ್ ಬ್ರೌನ್, ಮತ್ತು ಬೈಬಲ್ಲಿನ ಕೊನೆಯ ಭಾಗವಾದ ಪ್ರಕಟನೆ. ಶೇಕ್ಸ್‌ಪಿಯರ್ ಆ ಪಟ್ಟಿಯಲ್ಲಿಲ್ಲ. ಗಾಳಿಯನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲವಷ್ಟೆ.

1870ರ ಆಗಸ್ಟ್ 16ರಂದು ಹಿಗಿನ್‌ಸನ್ ಮನೆಗೇ ಬಂದಾಗ ಇನ್ನೂ ಕೆಲವು ರಹಸ್ಯಗಳು ಹೊರಬಿದ್ದವು. ಹಿಂದೊಮ್ಮೆ ಅಣ್ಣ ಲಾಂಗ್‌ಫೆಲೋನ ‘ಕ್ಯಾವನಾ’ ಕಾದಂಬರಿಯನ್ನು ತಂದು ಪಿಯಾನೋದ ಹೊದಿಕೆಯಡಿ ಬಚ್ಚಿಟ್ಟಿದ್ದ. ಗೆಳೆಯರೊಬ್ಬರು ಲಿಡಿಯಾ ಮಾರಿಯಾ ಚೈಲ್ಡ್ ಬರೆದ ‘ನ್ಯೂಯಾರ್ಕಿನಿಂದ ಪತ್ರಗಳು’ ಪುಸ್ತಕವನ್ನು ಬಾಗಿಲ ಬಳಿಯ ಪೊದೆಯೊಳಗೆ ಅಡಗಿಸಿಟ್ಟು ಹೋಗಿದ್ದರು. ಇಲ್ಲೊಂದು ಸ್ವಾರಸ್ಯವಿದೆ. ಇದೇ ಚೈಲ್ಡ್ 1829ರಲ್ಲಿ ಮಿತವ್ಯಯದ ಗೃಹಿಣಿಯರಿಗಾಗಿ ಬರೆದ ಅಡುಗೆಯ ಕೈಪಿಡಿ ನ್ಯೂ ಇಂಗ್ಲೆಂಡಿನ ಮನೆಮನೆಯನ್ನೂ ಹೊಕ್ಕಿತ್ತು. ಒಬ್ಬಳೇ ಲೇಖಕಿ, ಆಕೆಯ ಒಂದು ಪುಸ್ತಕ ರಾಜಾರೋಷವಾಗಿ ಅಡುಗೆಮನೆಯ ಕಪಾಟಿಗೆ, ಇನ್ನೊಂದು ಪೊದೆಯೊಳಕ್ಕೆ! ಆ ದಿನ ಎಮಿಲಿ ಕಾವ್ಯದ ಬಗ್ಗೆ ಎಷ್ಟು ಗಂಭೀರವಾಗಿ ಮಾತಾಡಿದಳೋ ಅಷ್ಟೇ ಗಂಭೀರವಾಗಿ, ಜನರಿಗೆ ಪುಡಿಂಗ್ ಎಂಬ ಸಿಹಿಯೂ ಬೇಕಲ್ಲ ಎಂದು ಹೇಳಿದಳು. ಬಂದವರು ತಬ್ಬಿಬ್ಬಾದರು.

ಬರವಣಿಗೆಯೂ ಬಹಳಷ್ಟು ಅಲ್ಲೇ ನಡೆಯುತ್ತಿತ್ತು. ಹಾಲಿನ ಕೆನೆ ತೆಗೆಯುತ್ತ, ತಂಪಾದ ಉಗ್ರಾಣದಲ್ಲಿ ಆಕೆ ಕವಿತೆ ಬರೆಯುತ್ತಿದ್ದುದನ್ನು ಸೋದರಸಂಬಂಧಿ ಲೂಯಿಸಾ ನಾರ್‌ಕ್ರಾಸ್ ನೆನೆದಿದ್ದಾಳೆ. ತೆಂಗಿನಕಾಯಿ ಕೇಕಿನ ಪಾಕವಿಧಾನವಿದ್ದ ಕಾಗದದ ಬೆನ್ನಿಗೆ, ಮರಳಿ ಬಾರದವುಗಳನ್ನು ಕುರಿತ ಒಂದು ಕವಿತೆಯಿದೆ. ಚಾಕೊಲೇಟ್ ಸುತ್ತಿ ಬಂದ ಕಾಗದದ ಮೇಲೂ ಕವಿತೆಯ ಕರಡು ಸಿಕ್ಕಿದೆ. 1865ರಲ್ಲಿ ಮನೆಗೆಲಸದಾಕೆ ಮದುವೆಯಾಗಿ ಹೋದ ಮೇಲೆ, 1869ರಲ್ಲಿ ಐರ್ಲೆಂಡಿನ ಮಾರ್ಗರೆಟ್ ಮಾರ್ ಬರುವವರೆಗೆ, ಎಮಿಲಿಯ ಕವಿತೆಗಳ ಸಂಖ್ಯೆ ಥಟ್ಟನೆ ಇಳಿಯಿತು. ಅಡುಗೆಮನೆ ಕವಿತೆಗೆ ಪೋಷಕವಾಗಿತ್ತೆಂದು ಕೊಂಡಾಡುವಾಗ ಈ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಪಾತ್ರೆ ತೊಳೆಯುವವರು ಬೇರೊಬ್ಬರಿದ್ದಾಗಲೇ ಕೇಕು ಕಾವ್ಯದ ಗೆಳತಿಯಾಗಬಲ್ಲದು.

ಈಗ ಆಕೆಯ ಪ್ರಸಿದ್ಧ ಕಪ್ಪು ಕೇಕಿನ ವಿಚಾರ. ಅದರ ವಿಧಾನ ಆಕೆಯ ಕೈಬರಹದಲ್ಲೇ ಹಾರ್ವರ್ಡಿನ ಹೌಟನ್ ಗ್ರಂಥಾಲಯದಲ್ಲಿದೆ: ಹಿಟ್ಟು, ಸಕ್ಕರೆ, ಬೆಣ್ಣೆ ತಲಾ 2 ಪೌಂಡು, ಮೊಟ್ಟೆ 19, ಒಣದ್ರಾಕ್ಷಿ 5 ಪೌಂಡು, ಕರ್ರಂಟ್ ಎಂಬ ಕಿರುದ್ರಾಕ್ಷಿ ಮತ್ತು ಮಾದಲಹಣ್ಣಿನ ಸಿಪ್ಪೆ ಒಂದೂವರೆ ಪೌಂಡಿನಂತೆ, ಅರ್ಧ ಪೈಂಟ್ ಬ್ರಾಂದಿ, ಅಷ್ಟೇ ಕಾಕಂಬಿ, 2 ಜಾಯಿಕಾಯಿ, ಲವಂಗ, ಜಾಪತ್ರೆ, ದಾಲ್ಚಿನ್ನಿ 5 ಚಮಚದಂತೆ, ಸೋಡಾ. ಹಾಲಿನ ದೊಡ್ಡ ತಟ್ಟೆಯಲ್ಲಾದರೆ 5ರಿಂದ 6 ಗಂಟೆ ಬೇಯಬೇಕು. ಇಂದು ಇದನ್ನು ಎಲ್ಲರೂ ಡಿಕಿನ್‌ಸನ್ನಳ ಕ್ರಿಸ್‌ಮಸ್ ಕೇಕೆಂದು ಕರೆಯುತ್ತಾರೆ. ಡಿಸೆಂಬರ್ 10ರ ಆಕೆಯ ಜನ್ಮದಿನಕ್ಕೆ ಗ್ರಂಥಾಲಯದವರೇ ಬೇಯಿಸಿದ್ದೂ ಉಂಟು. ಆದರೆ ವಿಧಾನದ ಆ ಚೀಟಿ ಹೋದದ್ದು 1883ರ ಬೇಸಿಗೆಯಲ್ಲಿ, ನೆರೆಯ ನೆಲ್ಲಿ ಸ್ವೀಟ್ಸರ್ ಎಂಬಾಕೆಗೆ. ಆಕೆ ಕೊಟ್ಟಿದ್ದ ಹೂವಿನ ಗೆಡ್ಡೆಗಳು ಎಮಿಲಿಯ ತೋಟದಲ್ಲಿ ಅರಳಿದ್ದವು. ಆ ಹೂಗಳ ಜೊತೆಗೆ ಒಂದು ತುಂಡು ಕೇಕನ್ನೂ ಕಳುಹಿಸಿ, ಇಂಥ ಕಪ್ಪು ಕೇಕು ಡೊಮಿಂಗೊದಲ್ಲಿ ಮಾತ್ರ ಬೇಯುವಂಥದೆಂದು ವಿನೋದ ಮಾಡಿದ್ದಳು. ಡೊಮಿಂಗೊ ಎಂದರೆ ಕೆರಿಬಿಯನ್ ಸಮುದ್ರದ ಸಕ್ಕರೆಯ ನಾಡು. ಮನೆಯ ಹೊಸ್ತಿಲು ದಾಟದವಳ ಒಲೆಯಲ್ಲಿ ಸಮುದ್ರದಾಚೆಯ ಸಕ್ಕರೆ, ಸಾಂಬಾರಗಳೆಲ್ಲ ಬೇಯುತ್ತಿದ್ದವು. ಕ್ಯಾಲೆಂಡರಿನ ಯಾವ ದಿನವೂ ಅದಕ್ಕೆ ಬೇಕಾಗಿರಲಿಲ್ಲ.

ಊರಿನ ಮಕ್ಕಳಿಗೂ ಹಾಗೆಯೇ. ಮಹಡಿಯ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ಇಳಿದುಬರುತ್ತಿತ್ತು. ಅದರಲ್ಲಿ ಶುಂಠಿಯ ಸಿಹಿಬ್ರೆಡ್ಡು. ಅದನ್ನು ತಿಂದು ದೊಡ್ಡವನಾಗಿ ನೆನಪುಗಳನ್ನು ಬರೆದ ಮ್ಯಾಕ್‌ಗ್ರೆಗರ್ ಜೆಂಕಿನ್ಸ್, ಊರಿನ ಪಾದ್ರಿಯ ಮಗ. ಆತನ ತಂದೆಯ ಚರ್ಚಿಗೆ ಎಮಿಲಿ ಕಾಲಿಡುತ್ತಿರಲಿಲ್ಲ. ಮಗಳ ಆತ್ಮದ ಸ್ಥಿತಿಯೇನೆಂದು ಚಿಂತಿಸಿದ ಎಡ್ವರ್ಡ್ ಡಿಕಿನ್‌ಸನ್ ಆ ಪಾದ್ರಿಯನ್ನೇ ಕರೆಸಿ ಪರೀಕ್ಷಿಸಲು ಕೇಳಿಕೊಂಡರೆಂದೂ, ಅವರು ಮಾತಾಡಿಸಿ ನೋಡಿ, ಏನೂ ದೋಷವಿಲ್ಲವೆಂದು ವರದಿ ಕೊಟ್ಟರೆಂದೂ ಆ ಮನೆತನದಲ್ಲಿ ಹೇಳುತ್ತಿದ್ದರು. ವಕೀಲ ತಂದೆ, ಪಾದ್ರಿ ಸಾಕ್ಷಿ, 40 ಮುಟ್ಟಿದ ಮಗಳು ಆರೋಪಿ! ಆ ಕೋಣೆಯಲ್ಲಿ ಯಾರಿಗೆ ಹೆಚ್ಚು ಮುಜುಗರವಾಗಿರಬಹುದು?

ಕ್ರಿಸ್‌ಮಸ್ಸಿನ ಬಗೆಗಿನ ಆಕೆಯ ಇಬ್ಬಗೆ ಮಾತ್ರ ಕೊನೆಯವರೆಗೂ ಬಗೆಹರಿಯಲಿಲ್ಲ. ಕೊನೆಯ ವರ್ಷಗಳ ಒಂದು ಪತ್ರದಲ್ಲಿ, ಸಾಂತಾಕ್ಲಾಸನ ಕಟ್ಟುಕಥೆಯನ್ನು ಕೇಳಿದಾಗಲೆಲ್ಲ ತನಗೆ ಬಾಲ್ಯದ ಪ್ರಶ್ನೆಯೊಂದು ನೆನಪಾಗುತ್ತದೆಂದು ಬರೆದಳು. ಬೈಬಲ್ಲನ್ನು ರಚಿಸಿದವರು ಯಾರೆಂದು ಕೇಳಿದ್ದಕ್ಕೆ, ಪವಿತ್ರಾತ್ಮ ಪ್ರೇರೇಪಿಸಿದ ಪುಣ್ಯಪುರುಷರೆಂದು ಹಿರಿಯರು ಹೇಳಿದ್ದರಂತೆ. ಶೋಧನೆಯನ್ನು ತಾನೀಗ ನಿಲ್ಲಿಸಿದ್ದರೂ ಆ ಉತ್ತರ ಸಾಲದು ಎಂದು ಆಕೆಯ ತೀರ್ಮಾನ. ಕಾಲುಚೀಲದಲ್ಲಿ ಮಿಠಾಯಿ ಕಂಡ ಹುಡುಗಿಯ ದನಿಯೇ ಇದು, ಸ್ವಲ್ಪ ಒಣಗಿದೆ ಅಷ್ಟೆ. ಆದರೆ ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಬೆತ್ಲೆಹೇಮಿಗೆ ಚಳಿಯಲ್ಲಿ ಬಂದ ಆ ಪ್ರಯಾಣಿಕನನ್ನು ಕುರಿತು ಪುಟ್ಟದೊಂದು ಕವಿತೆಯನ್ನೂ ಬರೆದಳು. ಅದರಲ್ಲಿ ಸಂದೇಹದ ಕೊಂಕಿಲ್ಲ; ಬಾಲ್ಯದ ಒಡನಾಡಿಯ ಬಗ್ಗೆ ಇರುವಂಥ ಸಲಿಗೆಯಿದೆ. ದಿನವನ್ನು ಒಪ್ಪದವಳು ಆ ದಿನದ ವ್ಯಕ್ತಿಯನ್ನು ಬಿಡಲಾರದೆ ಹೋದಳು.

ಪಕ್ಕದ ಮನೆಯಲ್ಲಿ ಅಣ್ಣ ಆಸ್ಟಿನ್, ಅತ್ತಿಗೆ ಸೂಸನ್ ಇದ್ದರು. ಮದುವೆಗೆ ಮುಂಚಿನಿಂದಲೂ ಸೂಸನ್ ಎಮಿಲಿಯ ಆಪ್ತ ಗೆಳತಿ. ಆಕೆಯಷ್ಟು ಕವಿತೆಗಳನ್ನು ಎಮಿಲಿಯಿಂದ ಪಡೆದವರು ಇನ್ನೊಬ್ಬರಿಲ್ಲ. ವರ್ಷಗಳು ಕಳೆದಂತೆ ಆ ಸ್ನೇಹದಲ್ಲಿ ಏನೇನು ಬಿರುಕು ಬಿಟ್ಟಿತೆಂಬುದು ವಿದ್ವಾಂಸರ ವಾದಕ್ಕೆ ವಸ್ತುವಾಗಿದೆ. ಎರಡು ಮನೆಗಳ ನಡುವೆ ಹುಲ್ಲಿನ ಮೇಲೆ ಸವೆದ ಒಂದು ಕಾಲುದಾರಿಯಿತ್ತು. ಅದರ ಮೇಲೆ ಚೀಟಿ, ಹೂವು, ತಿನಿಸು ಹೋಗಿಬರುತ್ತಿದ್ದವು, ಎಮಿಲಿ ಹೋಗುತ್ತಿರಲಿಲ್ಲ. 1883ರ ಅಕ್ಟೋಬರಿನಲ್ಲಿ ಸೂಸನ್ನಳ 8 ವರ್ಷದ ಮಗ ಗಿಲ್ಬರ್ಟ್ ಸಾಯುವ ರಾತ್ರಿ ಆಕೆ ಆ ದಾರಿಯನ್ನು ದಾಟಿದ್ದು ಸುಮಾರು 15 ವರ್ಷಗಳಲ್ಲಿ ಮೊದಲ ಬಾರಿಗೆ.

ಆ ದೀರ್ಘ ಅಗಲಿಕೆಯ ನಡುವೆ ಕ್ರಿಸ್‌ಮಸ್ ಬಂದಾಗ ಸೂಸನ್ ಕಳುಹಿಸುತ್ತಿದ್ದುದು ಪುಸ್ತಕವನ್ನು. 1876ರ ಡಿಸೆಂಬರ್ 25ರಂದು ಬಂದದ್ದು ಥಾಮಸ್ ಎ ಕೆಂಪಿಸನ ‘ಕ್ರಿಸ್ತಾನುಕರಣ’. ಚರ್ಚಿಗೆ ಹೋಗದವಳಿಗೆ ಅಂಥ ಪುಸ್ತಕ ಕೊಡುವ ಸಲಿಗೆ ಸೂಸನ್ನಳಿಗಿತ್ತು. 1880ರ ಕ್ರಿಸ್‌ಮಸ್ಸಿಗೆ ಬಂದದ್ದು ಅದೇ ವರ್ಷ ಪ್ರಕಟವಾಗಿದ್ದ, ಡಿಸ್ರೇಲಿಯ ‘ಎಂಡಿಮಿಯನ್’ ಕಾದಂಬರಿ. ಅದರ ಮೊದಲ ಪುಟದಲ್ಲಿ ಸೂಸನ್ ಎಮಿಲಿಯ ಹೆಸರು ಬರೆದು, ಕೆಳಗೆ, ಕಾಣದಿದ್ದರೂ ತನ್ನ ಪ್ರೀತಿ ಉಳಿದಿದೆ ಎಂಬರ್ಥದ ನಾಲ್ಕಾರು ಪದಗಳನ್ನು ಸೇರಿಸಿದಳು. ಬೈಬಲ್ ಬಲ್ಲವರಿಗೆ ಆ ಪದಗಳ ಮೂಲವೂ ತಿಳಿದೀತು. ಅವು ಪೇತ್ರನ ಮೊದಲ ಪತ್ರಿಕೆಯನ್ನು ಅನುರಣಿಸುತ್ತವೆ. ಅಲ್ಲಿ ಕಾಣದೆಯೇ ಪ್ರೀತಿಸುವ ಮಾತು ಬರುವುದು ಕ್ರಿಸ್ತನನ್ನು ಕುರಿತು. ಸೂಸನ್ ಅದನ್ನು ಬೇಲಿಯಾಚೆಯ ಮನೆಯ ಎಮಿಲಿಗೆ ಬರೆದು ಕಳುಹಿಸಿದಳು.